ಮಾತಿಲ್ಲದ ಸಿನಿಮಾ ನೋಡಿದ ಶುಕ್ರವಾರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಪರದೆಗೆಂದು ಕಟ್ಟಿದ ಬೆಡ್‌ಶೀಟ್ ಬಿಳಿಯದೋ ತಿಳಿನೀಲಿಯದೋ, ಐರಿನ್ ಬಾಯಿ ತಂದ ತಿಂಡಿ ಸನ್ನವೋ ಪತ್ರೊಡೆಯೋ, ಧೂಳು ಎದ್ದದ್ದು ಅಂದೋ ಹಿಂದಿನ ದಿನವೋ, ಆಣೆ ಮಾಡಿ ಹೇಳಲಾರೆ. ಕಾಲೇಜಿನ ದಿನಗಳಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಆದರೆ ಆ ಶುಕ್ರವಾರದ ಪುಟದಲ್ಲಿ ಇರುವುದು ಇಷ್ಟೇ: ‘ಕೂಟ. ಸಿನಿಮಾ. ತಲೆನೋವು.’ ಮುಂದಿನ ಆರು ದಿನಗಳ ಪುಟಗಳು ಖಾಲಿ. ಬಸ್ಸು ತಡವಾದದ್ದನ್ನೂ ಬರೆದಿಡುವವಳು ಆ ವಾರ ಏನನ್ನೂ ಬರೆದಿಲ್ಲ. ಹಾಗಾಗಿ ಈಗ ಬರೆಯುತ್ತಿರುವುದರಲ್ಲಿ ನೆನಪೆಷ್ಟು, ನನಗೆ ಅನುಕೂಲವಾಗುವಂತೆ ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂಬ ಅನುಮಾನ ನನಗೇ ಇದೆ.

ಹೋದ ವಾರ ಸಹೋದ್ಯೋಗಿಯೊಬ್ಬಳು ಬಾಡಿಗೆ ಮನೆ ನೋಡಬೇಕೆಂದಳು. ಅವಳ ಜೊತೆ ಮೈದಾನ್ ಹವಲ್ಲಿಗೆ ಹೋದೆ. ಏಜೆಂಟ್ ಕಾರು ನಿಲ್ಲಿಸಿದ್ದು ಅಕ್ಕ ಇದ್ದ ಅದೇ ಕಟ್ಟಡದ ಮುಂದೆ. ಲಿಫ್ಟಿನ ಬಾಗಿಲು ತೆರೆದದ್ದೇ ಅದೇ ವಾಸನೆ: ಯಾರದೋ ಮನೆಯ ಬುಖೂರ್ ಧೂಪ, ಕರಿದ ಮೀನು, ಫಿನೈಲ್. ನಾನು ಮೇಲೆ ಹೋಗಲಿಲ್ಲ. ಹೊರಗೆ ಬಂದು ಪಕ್ಕದ ಗಲ್ಲಿಯಿಂದ ಕತ್ತೆತ್ತಿ ನೋಡಿದೆ. ಐದನೇ ಮಹಡಿಯ ಅಡುಗೆಮನೆಯ ಕಿಟಕಿಗೆ ಒಳಗಿನಿಂದ ಅಂಟಿಸಿದ್ದ ಅಲ್ಯೂಮಿನಿಯಂ ಫಾಯಿಲ್ ಇನ್ನೂ ಇತ್ತು; ಒಂದು ಮೂಲೆ ಮಾತ್ರ ಕಿತ್ತು ಮಡಚಿಕೊಂಡಿತ್ತು. ಈ ಗಲ್ಫ್ ಊರಿನ ಬಿಸಿಲಿಗೆ ಎಲ್ಲರೂ ಕಿಟಕಿಗೆ ಫಾಯಿಲ್ ಅಂಟಿಸುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಆ ಕಿಟಕಿಗೆ ವರ್ಷದಲ್ಲಿ ಒಂದು ದಿನವೂ ಬಿಸಿಲು ಬೀಳುವುದಿಲ್ಲ.

ಕಟ್ಟಡದ ಕಾವಲುಗಾರ, ಎಲ್ಲರೂ ಹಾರಿಸ್ ಎಂದು ಕರೆಯುವ ಈಜಿಪ್ಟಿನ ಮುದುಕ, ನನ್ನ ಗುರುತು ಹಿಡಿದ.

“ಸಿಸ್ಟರ್ ವೇರ್?”

“ಇಂಡಿಯಾ.”

“ಕಮಿಂಗ್?”

ಏಜೆಂಟ್ ಕರೆಯುತ್ತಿದ್ದಾನೆ ಎಂಬಂತೆ ಆ ಕಡೆ ತಿರುಗಿಬಿಟ್ಟೆ.

ಆ ಮನೆಯಲ್ಲಿದ್ದವರು ನನ್ನ ಅಕ್ಕ ವನಮಾಲಾ ಮತ್ತು ಭಾವ ಪ್ರಸನ್ನ. ಕೊರೊನಾ ನಿರ್ಬಂಧಗಳನ್ನೆಲ್ಲ ತೆಗೆದ ಮೇಲೆ ನನಗೆ ಅಬ್ಬಾಸಿಯಾದ ಒಂದು ಇಂಡಿಯನ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದವಳು ಅಕ್ಕನ ಮನೆಯ ಸಣ್ಣ ಕೋಣೆಗೆ ಬಂದಿಳಿದೆ. ಭಾವ ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಎಂಜಿನಿಯರ್, ಶಿಫ್ಟ್ ಕೆಲಸ. ಬರುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಊಟ ಮಾಡುತ್ತಿದ್ದರು, ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದರು. ಕೆಟ್ಟವರಲ್ಲ. ಒಂದು ದಿನವೂ ದನಿ ಎತ್ತಿದವರಲ್ಲ. ಎತ್ತಿದ್ದರೆ ಅಕ್ಕನಿಗೆ ಅಷ್ಟಾದರೂ ಕೇಳಲು ಸಿಗುತ್ತಿತ್ತೇನೋ ಎಂದು ಆಮೇಲೆ ಅನ್ನಿಸಿದೆ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಅಕ್ಕನ ಬಿ.ಎಸ್ಸಿ. ಸರ್ಟಿಫಿಕೇಟು ಪಾಸ್‌ಪೋರ್ಟಿನ ಕವರಿನಲ್ಲಿಯೇ ಇತ್ತು.

ಬಂದ ಮೊದಲ ತಿಂಗಳಲ್ಲೇ ನಾನು ಎರಡು ವಿಷಯ ಗಮನಿಸಿದೆ. ದಿನವೂ ಸಂಜೆ ನಾಲ್ಕರ ಹೊತ್ತಿಗೆ ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಎದುರು ಕಟ್ಟಡದ ತಾರಸಿಯ ಮೇಲೆ ಒಬ್ಬ ಮನುಷ್ಯ ಪಾರಿವಾಳ ಸಾಕಿದ್ದ. ಕೋಲಿಗೆ ಬಟ್ಟೆ ಕಟ್ಟಿ ಬೀಸಿ ಅವನ್ನು ಹಾರಿಸುತ್ತಿದ್ದ, ಸುತ್ತು ಹೊಡೆದು ಅವು ಮತ್ತೆ ಇಳಿಯುವವರೆಗೂ ಕಾಯುತ್ತಿದ್ದ. ಅವನ ಮುಖ ಅಲ್ಲಿಂದ ಕಾಣುತ್ತಿರಲಿಲ್ಲ.

ಇನ್ನೊಂದು, ಭಾವ ಕೆಲಸಕ್ಕೆ ತೊಡುವ ಕವರಾಲ್ ಒಗೆಯಲು ಹಾಕುವ ಮುಂಚೆ ಅಕ್ಕ ಅದರ ಕಾಲರನ್ನು ಮೂಗಿಗೆ ಒತ್ತಿ ಹಿಡಿಯುತ್ತಿದ್ದಳು. ಗ್ರೀಸು, ಬೆವರು, ರಿಫೈನರಿಯ ಗಂಧಕದ ವಾಸನೆ ಎಲ್ಲ ಸೇರಿದ ಬಟ್ಟೆ. ಒಂದು ಬೆಳಿಗ್ಗೆ ಬಾತ್‌ರೂಮಿನ ಬಾಗಿಲಲ್ಲಿ ನಾನು ನಿಂತದ್ದನ್ನು ನೋಡಿ ಅವಳು, “ಕೊಳೆ ಎಷ್ಟಿದೆ ಅಂತ ನೋಡ್ತಿದ್ದೆ ಕಣೆ” ಅಂದಳು. ನಾನೇನೂ ಕೇಳಿರಲಿಲ್ಲ.

ಅಕ್ಕನಿಗೆ ಮನೆಯ ಹೊರಗೆ ಇದ್ದದ್ದು ಒಂದೇ ಲೋಕ, ಕೂಟ. ಹತ್ತಾರು ಕನ್ನಡ ಕುಟುಂಬಗಳು ತಿಂಗಳ ಮೊದಲ ಶುಕ್ರವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದವು. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು, ಊಟವಾದ ಮೇಲೆ ಎಲ್ಲರೂ ಕೂತು ಒಂದು ಸಿನಿಮಾ ನೋಡಬೇಕು, ಮರುದಿನ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿ ಆತಿಥೇಯರಿಗೆ ಕೈಮುಗಿಯಬೇಕು. ಇದು ಪದ್ಧತಿ. ಭಾವನ ಶಿಫ್ಟಿನ ನೆಪದಲ್ಲಿ ಅಕ್ಕನ ಮನೆಗೆ ಆ ಸರದಿ ಬಂದೇ ಇರಲಿಲ್ಲ. ಆ ಮಾರ್ಚ್‌ನಲ್ಲಿ ಮೊದಲ ಸಲ ಬಂತು. ಅಕ್ಕ ಹತ್ತು ದಿನ ಮುಂಚಿನಿಂದಲೇ ಡಬ್ಬಗಳನ್ನು ತೊಳೆದಿಡತೊಡಗಿದಳು. ಸೋಫಾದ ಕವರು ಬದಲಾಯಿಸಿದಳು. “ಇಪ್ಪತ್ತು ತಟ್ಟೆ ಒಂದೇ ತರದ್ದು ಬೇಕು ಕಣೆ, ಐರಿನ್ ಬಾಯಿ ಮನೇಲಿ ಹಾಗೇ ಇತ್ತು” ಎಂದು ಹೋಗಿ ಕೊಂಡು ತಂದಳು.

ಕೂಟದಲ್ಲಿ ಸಿನಿಮಾದ್ದೇ ಜಗಳ. ಕನ್ನಡ ಸಿನಿಮಾ ಹಾಕಿದರೆ ಮಕ್ಕಳು ಟ್ಯಾಬ್ ಹಿಡಿದು ಮೂಲೆ ಸೇರುತ್ತಿದ್ದವು. ತುಳು ಸಿನಿಮಾ ಹಾಕಿದಾಗ ಬೆಂಗಳೂರಿನ ಗಾಯತ್ರಿ ಮೇಡಂ, “ನಾವೇನು ಗೋಡೆ ನೋಡ್ಬೇಕಾ?” ಅಂದಿದ್ದರು. ಅವರು ಬ್ಯಾಂಕ್ ಮ್ಯಾನೇಜರರ ಹೆಂಡತಿ; ಕೂಟ ಯಾವಾಗ ಎಲ್ಲಿ ಎಂದು ತೀರ್ಮಾನಿಸುವವರು. ಇಂಗ್ಲಿಷ್ ಕಾರ್ಟೂನು ಹಾಕಿದರೆ, ಇದಕ್ಕೆ ಕನ್ನಡ ಕೂಟ ಯಾಕೆ ಎಂದು ಗಂಡಸರ ತಕರಾರು.

ಆಗ ನಾನು ಬಾಯಿ ಹಾಕಿದೆ. ಮೈಸೂರಿನಲ್ಲಿ ಫಿಲ್ಮ್ ಸೊಸೈಟಿಯ ಗೆಳೆಯರು ಕೊಟ್ಟ ಹಾರ್ಡ್‌ಡಿಸ್ಕ್ ನನ್ನ ಬಳಿ ಇತ್ತು. ಅದರಲ್ಲೊಂದು ಡಚ್ ಸಿನಿಮಾ. ಒಂಟಿ ಹೆಣ್ಣು, ಸಮುದ್ರ, ಇಡೀ ಚಿತ್ರದಲ್ಲಿ ಮಾತೇ ಇಲ್ಲ ಎಂದು ಯಾರೋ ಕ್ಯಾಂಟೀನಿನಲ್ಲಿ ಹೊಗಳಿದ್ದರು. ಭಾಷೆಯೇ ಇಲ್ಲದ ಮೇಲೆ ಜಗಳವೆಲ್ಲಿ?

“ನೀನು ನೋಡಿದ್ದೀಯಾ?” ಅಕ್ಕ ಕೇಳಿದಳು.

“ನೋಡಿದ್ದೀನಿ. ತುಂಬಾ ಚೆನ್ನಾಗಿದೆ.”

ನಾನು ನೋಡಿರಲಿಲ್ಲ. ಈ ಸುಳ್ಳು ಮಾತ್ರ ಅಕ್ಷರಶಃ ನೆನಪಿದೆ. ಹೇಳುವ ಅಗತ್ಯವೇ ಇರಲಿಲ್ಲ. ಅಂಥ ಸಿನಿಮಾ ನೋಡಿದವಳು ಎಂದು ಅನ್ನಿಸಿಕೊಳ್ಳುವ ಆಸೆ, ಅಷ್ಟೇ.

ಅಂದು ಭಾವ ಶಿಫ್ಟ್ ಬದಲಾಯಿಸಿಕೊಂಡು ಮನೆಯಲ್ಲಿದ್ದರು. ಗಂಡಸರು ಒಳಕೋಣೆಯಲ್ಲಿ ಇಸ್ಪೀಟಿಗೆ ಕೂತರು. ಹಾಲಿನ ಕಿಟಕಿಗಳಿಗೆ ಮೊದಲೇ ಫಾಯಿಲ್ ಇದ್ದದ್ದರಿಂದ ಮಧ್ಯಾಹ್ನ ಎರಡಕ್ಕೇ ಕತ್ತಲು. ಶಾಲೆಯಿಂದ ಕೇಳಿ ತಂದ ಪ್ರೊಜೆಕ್ಟರಿಗೆ ಹಾರ್ಡ್‌ಡಿಸ್ಕನ್ನು ನೇರವಾಗಿ ಸಿಕ್ಕಿಸಿ, ಬೆಡ್‌ಶೀಟ್ ಕಟ್ಟಿದೆವು. ಅಕ್ಕ ಎರಡು ಸಲ ಇಸ್ತ್ರಿ ಮಾಡಿದ್ದರೂ ಮಡಿಕೆಯ ಗೆರೆ ಹೋಗಿರಲಿಲ್ಲ.

“ಸಬ್‌ಟೈಟಲ್ ಇದ್ಯಾ? ಓದೋ ಪೇಷನ್ಸ್ ನನಗಿಲ್ಲಪ್ಪ” ಅಂದರು ಗಾಯತ್ರಿ ಮೇಡಂ.

“ಮಾತೇ ಇಲ್ಲ ಮೇಡಂ” ಅಂದಳು ಅಕ್ಕ, ಹೆಮ್ಮೆಯಿಂದ.

“ಹಾಗಾದ್ರೆ ನಮ್ಮನೆ ಕಥೆನೇ ಬಿಡಿ!”

ಎಲ್ಲರೂ ನಕ್ಕರು. ಸಿನಿಮಾ ಶುರುವಾಯಿತು. ಸಮುದ್ರಕ್ಕೆ ಕಟ್ಟಿದ ಒಡ್ಡಿನ ಕೆಳಗೆ ಒಂದು ಮನೆ. ನೀರೆತ್ತುವ ಪಂಪಿನ ಪಕ್ಕ ಒಬ್ಬಳೇ ಇರುವ ನಡುವಯಸ್ಸಿನ ಹೆಂಗಸು. ಅವಳು ಆಲೂಗಡ್ಡೆ ಹೆಚ್ಚುತ್ತಾಳೆ, ಒಲೆ ಒರೆಸುತ್ತಾಳೆ, ಕಿಟಕಿಯಲ್ಲಿ ನಿಲ್ಲುತ್ತಾಳೆ. ಹತ್ತು ನಿಮಿಷ ಇಷ್ಟೇ. ಯಾವುದೋ ಮಗು, “ವೈ ಈಸ್ ನೋಬಡಿ ಟಾಕಿಂಗ್?” ಎಂದು ಕೇಳಿತು.

“ಅವಳ ಗಂಡ ಶಿಫ್ಟ್‌ನಲ್ಲಿ ಇರ್ಬೇಕು ಪುಟ್ಟಾ” ಅಂದರು ಐರಿನ್ ಬಾಯಿ. ಮಂಗಳೂರಿನ ಕಡೆಯವರು, ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಅಕ್ಕನೂ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆ ಮನೆಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆಮೇಲೆ ಪಂಪ್ ರಿಪೇರಿಗೆ ಒಬ್ಬ ಮನುಷ್ಯ ಬರುತ್ತಾನೆ. ಕೆಲಸ ಮಾಡುತ್ತಾನೆ, ಹೋಗುತ್ತಾನೆ, ಮರುದಿನ ಬರುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಅವನು ಬಿಟ್ಟುಹೋದ ಕೈಗವಸನ್ನು ಅವಳು ತನ್ನ ಕೈಗೆ ತೊಟ್ಟು ಆ ಕೈಯಿಂದ ತನ್ನ ಕೆನ್ನೆ ಮುಟ್ಟಿಕೊಳ್ಳುತ್ತಾಳೆ. ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಯಾರೋ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಮತ್ತೊಂದು ದೃಶ್ಯದಲ್ಲಿ ಅವಳು ಬರಿಮೈಗೆ ಅವನ ಕೆಲಸದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಕಾಲರನ್ನು ಎತ್ತಿ ಮೂಗಿಗೆ ಒತ್ತಿ ಕಣ್ಣು ಮುಚ್ಚುತ್ತಾಳೆ. ಬಹಳ ಹೊತ್ತು ಹಾಗೇ ಇರುತ್ತಾಳೆ.

“ಹೀಗೇ” ಅಂದಳು ಅಕ್ಕ.

ಮೆಲ್ಲಗೇ ಅಂದದ್ದು. ಆದರೆ ಸಿನಿಮಾದಲ್ಲಿ ಒಂದು ಸದ್ದೂ ಇರಲಿಲ್ಲ, ಎಲ್ಲರಿಗೂ ಕೇಳಿಸಿತು.

“ಲೈಟ್ ಹಾಕಿ, ಲೈಟ್ ಹಾಕಿ! ಮಕ್ಕಳಿದ್ದಾರೆ!” ಗಾಯತ್ರಿ ಮೇಡಂ ಎದ್ದು ನಿಂತರು. ಅವರ ತಲೆಯ ನೆರಳು ಬೆಡ್‌ಶೀಟಿನ ಮೇಲೆ ಬಿತ್ತು. ಗದ್ದಲಕ್ಕೆ ಗಂಡಸರು ಒಳಗಿಂದ ಬಂದರು. ಭಾವ ಬಾಗಿಲಲ್ಲಿ ಕೈಯಲ್ಲಿ ಇಸ್ಪೀಟ್ ಎಲೆಗಳನ್ನು ಹಿಡಿದೇ ನಿಂತರು.

“ಇರಲಿ, ಮುಗೀಲಿ” ಅಂದಳು ಅಕ್ಕ. ಅವಳ ಕಣ್ಣು ಪರದೆಯ ಮೇಲೇ ಇತ್ತು.

ಯಾರೋ ಲೈಟ್ ಹಾಕಿದರು. ಚಿತ್ರ ಮಸುಕಾಯಿತು, ಮಡಿಕೆಯ ಗೆರೆ ಮಾತ್ರ ಕಾಣತೊಡಗಿತು.

“ಯಾರು ರೀ ಇದನ್ನ ಸೆಲೆಕ್ಟ್ ಮಾಡಿದ್ದು?” ಗಾಯತ್ರಿ ಮೇಡಂ ಕೇಳಿದರು.

ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಅಕ್ಕ ತಾನಾಗಿಯೇ, “ನಾನೇ ಆರಿಸಿದ್ದು” ಅನ್ನುತ್ತಾಳೆ. ಇನ್ನೊಂದರಲ್ಲಿ ನಾನು, “ಅಕ್ಕ” ಅನ್ನುತ್ತೇನೆ. ಆ ಒಂದು ಶಬ್ದ ಮಾತ್ರ. ಎರಡರಲ್ಲೂ ಅಕ್ಕ ನನ್ನ ಕಡೆ ತಿರುಗುತ್ತಾಳೆ, ಎರಡರಲ್ಲೂ ಗಾಯತ್ರಿ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನನಗೆ ಗೊತ್ತಿರುವುದು ಒಂದೇ: ಡಿಸ್ಕ್ ನನ್ನದು, ಆಯ್ಕೆ ನನ್ನದು ಎಂದು ಅಂದೂ ಆಮೇಲೂ ನಾನು ಯಾರಿಗೂ ಹೇಳಲಿಲ್ಲ. ನಾನು ಹೊಸ ಟೀಚರು. ಆ ಮಕ್ಕಳಲ್ಲಿ ನಾಲ್ವರು ನನ್ನ ಶಾಲೆಯವರು.

ಎಲ್ಲರೂ ಬೇಗ ಹೊರಟರು. ಪಾಯಸ ಹಾಗೇ ಉಳಿಯಿತು. ಮರುದಿನ ಗುಂಪಿನಲ್ಲಿ ಒಂದು ಫೋಟೊ ಬರಲಿಲ್ಲ, ಒಂದು ನಮಸ್ಕಾರ ಬರಲಿಲ್ಲ. ಅಕ್ಕ ಸಂಜೆಯವರೆಗೂ ಫೋನ್ ನೋಡಿದಳು. ಆಮೇಲೆ ತಾನೇ ಬರೆದಳು: ‘ಎಲ್ಲರೂ ಬಂದಿದ್ದಕ್ಕೆ ಥ್ಯಾಂಕ್ಸ್.’ ಅದಕ್ಕೂ ಮೌನ.

ಮುಂದಿನ ಶುಕ್ರವಾರ ಬೆಳಿಗ್ಗೆ ಭಾವ ಕೆಳಗಿನ ಬಕಾಲ ಅಂಗಡಿಯಿಂದ ಫಾಯಿಲಿನ ದೊಡ್ಡ ರೋಲು ತಂದರು. ಸ್ಟೂಲ್ ಹತ್ತಿ ಅಡುಗೆಮನೆಯ ಕಿಟಕಿಗೆ ಅಂಚಿನಿಂದ ಅಂಚಿಗೆ ಅಂಟಿಸಿದರು. ಟೇಪನ್ನು ಹಲ್ಲಿನಿಂದ ಕತ್ತರಿಸುತ್ತ, “ಬಿಸಿಲು ಬರುತ್ತೆ” ಅಂದರು.

“ಇಲ್ಲಿ ಬಿಸಿಲು ಎಲ್ಲಿ ಬರುತ್ತೆ?” ಅಕ್ಕ ಕೇಳಿದಳು.

ಅವರು ಇನ್ನೊಂದು ತುಂಡು ಟೇಪು ಕತ್ತರಿಸಿದರು.

ಪಾರಿವಾಳದವನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು. ನಾನು ಹೇಳಿಲ್ಲ. ಹೇಳಿಲ್ಲ ಎಂದುಕೊಂಡಿದ್ದೇನೆ. ಅಕ್ಕ ‘ಹೀಗೇ’ ಅಂದದ್ದು ಕಿಟಕಿಗಲ್ಲ, ಕೋಟಿಗೆ, ಅಂದರೆ ಅವರದೇ ಕವರಾಲಿಗೆ ಎಂಬುದನ್ನು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಅದನ್ನೂ ಹೇಳಲಿಲ್ಲ. ಭಾವನ ಮುಂದೆ ಅಂಥ ಮಾತು ಆಡುವುದು ಹೇಗೆ ಎಂದು ನಾಚಿಕೊಂಡೆ. ಎಂ.ಎ.ಯಲ್ಲಿ ಹೆಣ್ಣಿನ ಬಯಕೆಯ ಬಗ್ಗೆ ನಲವತ್ತು ಪುಟದ ಪ್ರಬಂಧ ಬರೆದವಳು.

ಏಪ್ರಿಲ್ ಕೂಟಕ್ಕೆ, “ಜಾಗ ಚಿಕ್ಕದು ವನಮಾಲಾ, ಈ ಸಲ ಸ್ವಲ್ಪ ಜನಾನೇ” ಎಂದು ಗಾಯತ್ರಿ ಮೇಡಂ ಫೋನ್ ಮಾಡಿ ಹೇಳಿದರು. ನನ್ನನ್ನು ಮಾತ್ರ ಕರೆದರು, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಬೇಕೆಂದು. ನಾನು ಹೋದೆ.

ಅಕ್ಕನನ್ನು ನೋಡಲು ಬಂದದ್ದು ಐರಿನ್ ಬಾಯಿ ಒಬ್ಬರೇ. ಚಹಾ ಕುಡಿಯುತ್ತ, “ಅಲ್ಲ ಮಾರಾಯ್ತಿ, ಒಂದು ಕೋಟಿಗೆ ಇಷ್ಟು ಗಲಾಟೆಯಾ? ನಾನು ವಾರ್ಡಿನಲ್ಲಿ ದಿನಾ ನೋಡುದು ಇವರಿಗೆ ಗೊತ್ತಾದ್ರೆ ನನ್ನನ್ನು ಊರಿಗೇ ಕಳಿಸ್ತಾರೆ” ಎಂದು ಅಕ್ಕನನ್ನು ನಗಿಸಲು ನೋಡಿದರು. ಹೊರಡುವಾಗ ಲಿಫ್ಟಿನವರೆಗೆ ಬಂದ ನನ್ನನ್ನು ನಿಲ್ಲಿಸಿದರು. “ನಿನಗೆ ಮಾತಾಡ್ಲಿಕ್ಕೇ ಅಲ್ವಾ ಸಂಬಳ ಕೊಡುದು? ಅವಳ ಪರವಾಗಿ ಒಂದು ಮಾತು ಆಡ್ಲಿಕ್ಕೆ ನಿನಗೆ ಎಂತಾಗಿದೆ?”

“ಆ ದಿನ ಸಿನಿಮಾ ಯಾರು ಆರಿಸಿದ್ದು ಅಂತ ಕೇಳಿದಾಗ ಏನಾಯ್ತು, ನಿಮಗೆ ನೆನಪಿದೆಯಾ?” ಎಂದು ಅಂದೇ ಕೇಳಬಹುದಿತ್ತು. ಕೇಳಿದ್ದು ಈ ವಾರ, ಫೋನಿನಲ್ಲಿ. ಅವರು, “ನಾನು ಆಗ ಚಹಾಕ್ಕೆ ನೀರಿಡ್ಲಿಕ್ಕೆ ಒಳಗೆ ಹೋಗಿದ್ದೆ” ಅಂದರು.

ಮೇ ತಿಂಗಳಲ್ಲಿ ಭಾವ, “ಸೆಕೆ ಜಾಸ್ತಿ ಆಗೋ ಮುಂಚೆ ಊರಿಗೆ ಹೋಗಿ ಬಾ” ಎಂದು ಅಕ್ಕನಿಗೆ ಟಿಕೆಟ್ ತಂದರು. ಹೋಗುವುದಕ್ಕೆ ಮಾತ್ರ. ಅಕ್ಕ ಆ ಇಪ್ಪತ್ತು ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿಟ್ಟು, “ಬಂದ ಮೇಲೆ ತೆಗೀತೀನಿ, ಮುಟ್ಬೇಡ” ಎಂದು ನನಗೆ ಹೇಳಿ ಹೋದಳು. ಅಕ್ಕನಿಲ್ಲದ ಮನೆಯಲ್ಲಿ ನಾನಿರುವುದು ಸರಿಯಲ್ಲವೆಂದು ಅಬ್ಬಾಸಿಯಾದಲ್ಲಿ ಮೂವರು ಟೀಚರುಗಳ ಜೊತೆ ಒಂದು ಕೋಣೆ ಹಿಡಿದೆ.

ಇಲ್ಲಿಯ ಇಕಾಮಾ, ಅಂದರೆ ವಾಸದ ಪರವಾನಗಿ, ದೇಶದ ಹೊರಗೆ ಆರು ತಿಂಗಳು ಕಳೆದರೆ ರದ್ದಾಗುತ್ತದೆ. ಕೊರೊನಾ ಕಾಲದಲ್ಲಿ ಆ ನಿಯಮ ಸಡಿಲವಾಗಿತ್ತು. ಅದು ಈಗಲೂ ಸಡಿಲವಾಗಿಯೇ ಇದೆ ಎಂದು ಅಕ್ಕ ತಿಳಿದಿದ್ದಳು. ಅದು ಮತ್ತೆ ಜಾರಿಗೆ ಬಂದಿದೆ, ಹೊಸ ಫ್ಯಾಮಿಲಿ ವೀಸಾ ಕೊಡುವುದೂ ನಿಂತಿದೆ ಎಂದು ನಮ್ಮ ಶಾಲೆಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವವನು ಆಗಸ್ಟ್‌ನಲ್ಲೇ ನನಗೆ ಹೇಳಿದ್ದ. ಭಾವನಿಗೆ ಫೋನ್ ಮಾಡಿದೆ.

“ಭಾವ, ಅಕ್ಕನ ರಿಟರ್ನ್ ಟಿಕೆಟ್?”

“ನೋಡ್ತೀನಿ.”

ಫೋನ್ ಇಡುವ ಮುಂಚೆ, “ಹೇಮಾ, ಆ ಸಿನಿಮಾ ಕೊನೇಲಿ ಏನಾಗುತ್ತೆ?” ಎಂದು ಕೇಳಿದರು.

ಕೂಟದವರಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಆಗ ಎಲ್ಲವನ್ನೂ ಹೇಳಬಹುದಿತ್ತು. ನಾನು, “ಗೊತ್ತಿಲ್ಲ ಭಾವ, ಅಕ್ಕನಿಗೆ ಗೊತ್ತಿರಬೇಕು” ಅಂದೆ. ನಾನೇ ಹಾಗೆ ಅಂದೆ. ಇದರಲ್ಲಿ ನೆನಪು ಎರಡಾಗುವುದಿಲ್ಲ.

ದಸರಾ ಮುಗಿಯಲಿ ಅಂದರು. ದೀಪಾವಳಿ ಮುಗಿಯಲಿ ಅಂದರು. ಅಕ್ಕ ವಾರಕ್ಕೊಮ್ಮೆ ನನಗೆ ಫೋನ್ ಮಾಡಿ, “ನಿಮ್ಮ ಭಾವ ಏನಾದ್ರೂ ಅಂದ್ರಾ?” ಅನ್ನುತ್ತಿದ್ದಳು. ಆರು ತಿಂಗಳ ವಿಷಯ ಹೇಳಿಬಿಟ್ಟರೆ ಅವಳು ತಾನೇ ಟಿಕೆಟ್ ಮಾಡಿಸಿ ಬಂದಿಳಿಯುತ್ತಾಳೆ, ಮನೆಯಲ್ಲಿ ಮಾತು ಶುರುವಾಗುತ್ತದೆ, ಸಿನಿಮಾ ಯಾರದು ಎಂಬುದು ಎದ್ದೇ ಏಳುತ್ತದೆ. ಹೀಗೆಲ್ಲ ಲೆಕ್ಕ ಹಾಕಿಯೇ ಸುಮ್ಮನಿದ್ದೆನೆಂದು ಒಪ್ಪಿಕೊಳ್ಳಲು ಕಷ್ಟ. ಇಲ್ಲವೆನ್ನಲು ಇನ್ನೂ ಕಷ್ಟ. “ಆರಾಮಾಗಿ ಇದ್ದು ಬಾ ಅಕ್ಕ” ಅನ್ನುತ್ತಿದ್ದೆ. ನವೆಂಬರಿನ ಒಂದು ಬೆಳಿಗ್ಗೆ ಅವಳ ಸಿವಿಲ್ ಐಡಿಯ ನಂಬರು ಕೊಟ್ಟು, ಇಕಾಮಾ ಇನ್ನೂ ಉಳಿದಿದೆಯೇ ನೋಡಲು ಹೇಳಿದೆ. ಶಾಲೆಯವನು ಕಂಪ್ಯೂಟರಿನಿಂದ ತಲೆ ಎತ್ತಿ, ಎರಡು ಕೈ ಒರೆಸಿಕೊಳ್ಳುವಂತೆ ಮಾಡಿ, “ಖಲಾಸ್” ಅಂದ.

ಅಕ್ಕ ಈಗ ನಂಜನಗೂಡಿನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಭಾವ ರಿಫೈನರಿಗೆ ಹತ್ತಿರವೆಂದು ಮಂಗಾಫ್‌ಗೆ ಮನೆ ಬದಲಾಯಿಸಿದರು. ವಿಚ್ಛೇದನವಾಗಿಲ್ಲ. ಇಬ್ಬರೂ ಆ ಮಾತೂ ಎತ್ತಿಲ್ಲ. ವೀಸಾ ಮತ್ತೆ ಕೊಡಲು ಶುರುವಾದಾಗಲೂ ಭಾವ ಅರ್ಜಿ ಹಾಕಲಿಲ್ಲ. ತಟ್ಟೆಗಳನ್ನು ನನಗೆ ಕೊಟ್ಟಿದ್ದಾರೆ; ಕಟ್ಟಿದ ಪೇಪರು ಬಿಚ್ಚದೆ ಮಂಚದ ಕೆಳಗಿಟ್ಟಿದ್ದೇನೆ. ಕೂಟ ನಡೆಯುತ್ತಲೇ ಇದೆ. ಮಕ್ಕಳಿಗೆ ಈಗ ಕಾಗುಣಿತದವರೆಗೂ ಬಂದಿದೆ.

ಹೋದ ವಾರ ಆ ಫಾಯಿಲ್ ನೋಡಿ ಬಂದ ಮೇಲೆ ಹಾರ್ಡ್‌ಡಿಸ್ಕನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ. ಆ ವರ್ಷ ಲ್ಯಾಪ್‌ಟಾಪೂ ಡಿಸ್ಕೂ ಅಕ್ಕನ ಮನೆಯ ಹಾಲಿನಲ್ಲೇ ಇರುತ್ತಿದ್ದವು. ಸಿನಿಮಾ ತೆರೆದಾಗ, ಬಿಟ್ಟಲ್ಲಿಂದ ಮುಂದುವರಿಸಬೇಕೇ ಎಂದು ಕೇಳಿತು. ಹೌದು ಒತ್ತಿದೆ. ಬಂದದ್ದು ಕೊನೆಯ ದೃಶ್ಯ. ಪಂಪು ಸರಿಯಾಗಿದೆ, ಅವನು ಹೋಗಿದ್ದಾನೆ. ಅವಳು ಬೇಲಿಯ ಮೇಲೆ ಅವನ ಕೈಗವಸುಗಳನ್ನು ಒಣಹಾಕಿ ಒಳಗೆ ಹೋಗುತ್ತಾಳೆ, ಮತ್ತೆ ಆಲೂಗಡ್ಡೆ ಹೆಚ್ಚುತ್ತಾಳೆ.

ಅಂದರೆ ಅಕ್ಕ ಅದನ್ನು ಕೊನೆಯವರೆಗೂ ನೋಡಿದ್ದಳು. ಯಾವಾಗ? ಕೂಟದ ನಂತರವೋ, ಫೈಲು ಸರಿಯಿದೆಯೇ ಎಂದು ಹಿಂದಿನ ದಿನ ಈ ಲ್ಯಾಪ್‌ಟಾಪಿನಲ್ಲಿ ನೋಡಿದಾಗಲೋ? ಮೊದಲೇ ನೋಡಿದ್ದರೆ ಅದು ಎಂಥ ಚಿತ್ರವೆಂದು ತಿಳಿದೂ, ಭಾವ ಮನೆಯಲ್ಲಿರುವ ದಿನ, ಬೇಕೆಂದೇ ತೋರಿಸಿದಳು ಎಂದಾಗುತ್ತದೆ. ‘ಕೂಟಕ್ಕೆ ಮುಂಚೆಯೇ ನೋಡಿದ್ಯಾ?’ ಎಂದು ಅವಳಿಗೆ ಬರೆದು, ಕಳಿಸದೆ ಅಳಿಸಿದೆ. ಅವಳು ಹೌದು ಅಂದರೆ ನಾನು ಬಿಡುಗಡೆಯಾಗುತ್ತೇನೆ. ಅದಕ್ಕಾಗಿಯೇ ಆ ಪ್ರಶ್ನೆ ಹೊಳೆದಿತ್ತು.

ಅದರ ಬದಲು ಇನ್ನೊಂದು ಬರೆದೆ. ಕಳಿಸಿದೆ. ಎರಡು ನೀಲಿ ಗೆರೆ ಬಂದು ಆರು ದಿನವಾಯಿತು. ನಡುವೆ ಅಕ್ಕ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ ಫೋಟೊ ಕಳಿಸಿದಳು, ನನ್ನ ಕೆಮ್ಮು ಹೇಗಿದೆ ಎಂದು ಕೇಳಿದಳು, ಬಿಸಿನೀರು ಕುಡಿ ಅಂದಳು. ಇವೆಲ್ಲದರ ಮೇಲುಗಡೆ ನನ್ನ ಪ್ರಶ್ನೆ ಹಾಗೇ ಇದೆ:

‘ಅಕ್ಕ, ಅವತ್ತು ಗಾಯತ್ರಿ ಮೇಡಂ ಕೇಳಿದಾಗ, ನೀನಾಗೇ ನಿನ್ನ ಹೆಸರು ಹೇಳಿದ್ಯಾ, ಇಲ್ಲ ನಾನು ಹೇಳಿದ್ನಾ?’